ಮುಂದಿನ ಕನ್ಸೋಲ್‌ಗೆ ನೆಟ್ ಕಡ್ಡಾಯ ಅಂದ್ರೆ ತಗೋತೀರಾ?

ಕೊನೇಬಾಸ್
ಮುಂದಿನ ತಲೆಮಾರಿನ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡೋ ಪೆಟ್ಟಿಗೆ) ಬಗ್ಗೆ ಮಾತು ಬಂದಾಗಲೆಲ್ಲ ಎಲ್ರೂ ಕೇಳೋದು ಗ್ರಾಫಿಕ್ಸ್ ಹೆಂಗಿರತ್ತೆ, ಫ್ರೇಮ್ ರೇಟ್ ಎಷ್ಟು, ಸ್ಟೋರೇಜ್ ಎಷ್ಟು ಅಂತ. ನಂಗಿರೋದು ಒಂದೇ ಪ್ರಶ್ನೆ. ನೆಟ್ ಇಲ್ದೆ ಆನ್ ಮಾಡಿದ್ರೆ ನಾನು ದುಡ್ಡು ಕೊಟ್ಟು ತಗೊಂಡ ಗೇಮ್ ಓಪನ್ ಆಗತ್ತಾ ಇಲ್ವಾ?

ಯಾಕೆ ಕೇಳ್ತಿದೀನಿ ಅಂದ್ರೆ ಹೋದ ತಿಂಗಳು ಮನೆ ಶಿಫ್ಟ್ ಮಾಡಿದ್ವಿ, ಹೊಸ ಮನೆಗೆ ಕನೆಕ್ಷನ್ ಬರೋಕೆ ಹನ್ನೊಂದು ದಿನ ಹಿಡೀತು. ಮೊದಲ್ನೇ ರಾತ್ರಿ ಸಾಮಾನೆಲ್ಲ ಡಬ್ಬದಲ್ಲೇ ಇದ್ರೂ ಟಿವಿ, ಕನ್ಸೋಲ್ ಮಾತ್ರ ಬಿಚ್ಚಿ ಜೋಡಿಸಿ ನೆಲದ ಮೇಲೆ ಕೂತೆ, ಮೈಯೆಲ್ಲ ಸುಸ್ತು, ಒಂದರ್ಧ ಗಂಟೆ ಆಡಿ ಮಲ್ಗೋಣ ಅಂತ. ನೋಡಿದ್ರೆ ಗೇಮಿನ ಚಿತ್ರದ ಮೂಲೇಲಿ ಪುಟ್ಟದೊಂದು ಬೀಗ. ಒತ್ತಿದ್ರೆ ಲೈಸೆನ್ಸ್ ಚೆಕ್ ಮಾಡೋಕಾಗ್ತಿಲ್ಲ, ಇಂಟರ್ನೆಟ್‌ಗೆ ಕನೆಕ್ಟ್ ಆಗಿ ಅಂತ ಬಂತು. ಆನ್‌ಲೈನ್ ಗೇಮ್ ಅಲ್ಲ ಕಣ್ರೀ, ಒಬ್ರೇ ಕೂತು ಆಡೋ ಕಥೆ ಗೇಮ್, ನಲವತ್ತು ಗಂಟೆ ಆಡಿ ಕೊನೇ ಬಾಸ್ (ಕೊನೇ ದೊಡ್ಡ ಶತ್ರು) ಹತ್ರ ನಿಲ್ಸಿದ್ದೆ, ಪೂರ್ತಿ ಗೇಮ್ ನನ್ನ ಕಣ್ಣೆದುರಿನ ಪೆಟ್ಟಿಗೇಲೇ ಇದೆ. ಪೆಟ್ಟಿಗೆ ನನ್ನದು, ಬೀಗದ ಕೈ ಇನ್ನೊಬ್ರ ಹತ್ರ.

ಈಗ್ಲೇ ಹಿಂಗೆ, ಇನ್ನು ಮುಂದೆ ಬರೋ ಕನ್ಸೋಲ್‌ಗಳಲ್ಲಿ ಡಿಸ್ಕ್ ಡ್ರೈವ್ ತೆಗೆದು ಪ್ರತಿಯೊಂದಕ್ಕೂ ಸರ್ವರ್‌ನ ಕೇಳ್ಕೊಂಡೇ ಓಡೋ ಹಾಗೆ ಮಾಡಿದ್ರೆ ಏನ್ ಗತಿ? ನೀವೇನಂತೀರಿ.

ರಾತ್ರಿಪಾಳಿ
ತಗೊಳಲ್ಲ. ಯೋಚನೆ ಮಾಡೋ ಮಾತೇ ಇಲ್ಲ.

ಜಾಯ್‌ಸ್ಟಿಕ್ಕಣ್ಣ
ಫೋನಿಂದ ಹಾಟ್‌ಸ್ಪಾಟ್ ಕೊಡ್ಬಹುದಿತ್ತಲ್ಲ ಗುರು?

ಕೊನೇಬಾಸ್
ಕೊಟ್ಟೆ ಗುರು. ಐದು ಸೆಕೆಂಡಿಗೆ ಬೀಗ ಮಾಯ, ಗೇಮ್ ಓಪನ್. ಹಾಟ್‌ಸ್ಪಾಟ್ ಆಫ್ ಮಾಡಿ ಆಡಿದ್ರೂ ಏನೂ ತೊಂದ್ರೆ ಇಲ್ಲ. ನಂಗೆ ಸಿಟ್ಟು ಬಂದಿದ್ದೇ ಅಲ್ಲಿ, ಆ ಗೇಮ್ ಓಡೋಕೆ ನೆಟ್ ಬೇಕಾಗೇ ಇರ್ಲಿಲ್ಲ, 'ಇವನು ಆಡ್ಬಹುದು' ಅನ್ನೋ ಒಂದು ಮಾತಿಗೋಸ್ಕರ ನನ್ನ ನಿಲ್ಸಿದ್ರು. ಮಾರನೇ ದಿನ ಕನ್ಸೋಲ್ ಆನ್ ಮಾಡಿದ್ರೆ ಮತ್ತೆ ಅದೇ ಬೀಗ.

ಹಳೇಕಾರ್ಟ್ರಿಜ್
ಈ ಜಗಳ ಹೊಸದಲ್ಲ ತಮ್ಮಂದಿರಾ. 2013ರಲ್ಲಿ ಇದೇ ವಿಷಯಕ್ಕೆ ಇಡೀ ಗೇಮಿಂಗ್ ಲೋಕ ಹೊತ್ತಿ ಉರಿದಿತ್ತು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ತೋರಿಸ್ತು, ಯಾವಾಗ್ಲೂ ಆನ್‌ಲೈನ್ ಇರ್ಲೇಬೇಕು ಅಂತು. ಅದ್ರ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಅವ್ರನ್ನ ನೆಟ್ ಇಲ್ದೋರು ಏನ್ಮಾಡ್ಬೇಕು ಅಂತ ಕೇಳಿದ್ರೆ, ಅಂಥೋರಿಗೆ ನಮ್ಮ ಹತ್ರ ಎಕ್ಸ್‌ಬಾಕ್ಸ್ 360 ಇದೆಯಲ್ಲ ಅಂದ್ಬಿಟ್ರು. ಎಂಟು ವರ್ಷ ಹಳೇ ಮಷೀನ್ ತೋರಿಸಿ ಅಲ್ಲಿ ಹೋಗಿ ಆಡ್ಕೊಳ್ಳಿ ಅಂದಂಗೆ. ಸೋನಿಯೋರು ಜೂನ್ 10ಕ್ಕೆ ಇ3 ಗೇಮ್ ಮೇಳದ ವೇದಿಕೆ ಹತ್ತಿ ತಮ್ಮ ಪ್ಲೇಸ್ಟೇಷನ್ 4ಗೆ (ಪಿಎಸ್4) ನೆಟ್ ಚೆಕ್ ಇಲ್ಲ, ಡಿಸ್ಕ್ ಯಾರಿಗೆ ಬೇಕಾದ್ರೂ ಕೊಡಿ ಅಂದಿದ್ದೇ ತಡ, ಸಭೇಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಜೊತೆಗೊಂದು ಪುಟ್ಟ ವಿಡಿಯೋ ಬಿಟ್ರು, ಸ್ನೇಹಿತರಿಗೆ ಗೇಮ್ ಹೆಂಗೆ ಕೊಡೋದು ಅಂತ. ಒಬ್ರು ಡಬ್ಬಿ ಚಾಚ್ತಾರೆ, ಇನ್ನೊಬ್ರು ಇಸ್ಕೋತಾರೆ, ಮುಗೀತು. ಒಂಬತ್ತೇ ದಿನಕ್ಕೆ, ಜೂನ್ 19ಕ್ಕೆ, ಮೈಕ್ರೋಸಾಫ್ಟ್ ನಿಯಮ ವಾಪಸ್ ತಗೊಳ್ತು.

ಆಟಗಾರರು ಒಟ್ಟಾಗಿ ಬೇಡ ಅಂದ್ರೆ ಬೇಡಾನೇ. ಅದಕ್ಕೇ ಹೇಳೋದು, ಕನ್ಸೋಲ್ ಬರೋಕ್ ಮುಂಚೆನೇ ಬಾಯಿ ಬಿಡ್ಬೇಕು, ಬಂದ್ಮೇಲೆ ಅಲ್ಲ.

ಎರಡನೇಕಂಟ್ರೋಲರ್
@ಹಳೇಕಾರ್ಟ್ರಿಜ್ ಅಣ್ಣ, ಒಂದು ತಿದ್ದುಪಡಿ. ಯಾವಾಗ್ಲೂ ಆನ್‌ಲೈನ್ ಅಂತ ಇರ್ಲಿಲ್ಲ, ನಿಮ್ಮ ಸ್ವಂತ ಕನ್ಸೋಲ್ ಆದ್ರೆ 24 ಗಂಟೆಗೊಂದ್ಸಲ ಚೆಕ್-ಇನ್ (ನೆಟ್‌ಗೆ ಬಂದು ಸರ್ವರ್‌ಗೆ ಹಾಜರಿ ಹಾಕೋದು), ಬೇರೆಯೋರ ಮನೇಲಿ ಲಾಗಿನ್ ಆಗಿ ಆಡಿದ್ರೆ ಒಂದು ಗಂಟೆಗೊಂದ್ಸಲ. ಮತ್ತೆ ಆ ಗಲಾಟೇಲಿ ಒಂದು ಒಳ್ಳೇದೂ ಕೊಚ್ಕೊಂಡ್ ಹೋಯ್ತು, ಅದನ್ನ ಯಾರೂ ಹೇಳಲ್ಲ. ಡಿಸ್ಕ್ ಒಂದ್ಸಲ ಹಾಕಿದ್ರೆ ಆಮೇಲೆ ಡಿಸ್ಕೇ ಬೇಡ, ನಮ್ಮ ಇಡೀ ಲೈಬ್ರರಿನ ಮನೆಯವ್ರು ಅಂತ ಹತ್ತು ಜನರ ಜೊತೆ ಹಂಚ್ಕೋಬಹುದು ಅಂತ ಇತ್ತು. ನಿಯಮ ವಾಪಸ್ ತಗೊಂಡಾಗ ಅದೂ ಹೋಯ್ತು. ನೆಟ್ ಚೆಕ್ ಇಲ್ದೆ ಹಂಚೋಕೆ ಬಿಟ್ರೆ ಒಂದೇ ಡಿಸ್ಕಲ್ಲಿ ಊರೆಲ್ಲಾ ಆಡ್ತಾರೆ, ಅದು ಕಂಪನಿಯೋರ ನ್ಯಾಯವಾದ ಭಯ.

ಹಳೇಕಾರ್ಟ್ರಿಜ್
24 ಗಂಟೆ ವಿಷಯ ನೀನು ಹೇಳಿದ್ದೇ ಸರಿ, ನಾನೇ ತಪ್ಪು ಬರ್ದೆ. ಆದ್ರೆ 25ನೇ ಗಂಟೆಗೆ ನೆಟ್ ಇಲ್ದಿದ್ರೆ ಒಬ್ಬನೇ ಆಡೋ ಗೇಮೂ ಬಂದ್ ಆಗ್ತಿತ್ತು ತಾನೆ? ಹತ್ತು ಜನಕ್ಕೆ ಹಂಚೋ ಆಸೆ ತೋರಿಸಿ ಆಡೋ ಹಕ್ಕನ್ನೇ ಅಡ ಇಡಿಸ್ಕೊಳ್ಳೋ ವ್ಯಾಪಾರ ನಂಗ್ ಬೇಡ.

ಮಿನಿಮ್ಯಾಪ್
ನಾನು ಬೇರೆ ಮಾತು ಹೇಳ್ತೀನಿ, ಬೈಬೇಡಿ. ಕೈಯಲ್ಲಿರೋ ಫೋನ್ 24 ಗಂಟೆ ಆನ್‌ಲೈನ್ ಇರತ್ತೆ, ನಾನ್ ಆಡೋ ಎಲ್ಲಾ ಗೇಮೂ ಸ್ನೇಹಿತರ ಜೊತೆ ಆಡೋವೇ, ಸೇವ್ (ಎಲ್ಲೀವರೆಗೆ ಆಡಿದೀನಿ ಅನ್ನೋ ದಾಖಲೆ) ಎಲ್ಲಾ ಕ್ಲೌಡಲ್ಲಿದೆ, ಎರಡು ವರ್ಷದ ಹಿಂದೆ ಕನ್ಸೋಲ್ ಕೆಟ್ಟಾಗ ಒಂದು ಸೇವ್ ಕೂಡ ಕಳೀಲಿಲ್ಲ. ಆಮೇಲೆ ಚೀಟಿಂಗ್. ಸೇವ್ ಫೈಲ್ ನಮ್ಮ ಮಷೀನಲ್ಲೇ ಇದ್ರೆ ತಿದ್ದಿ ಹತ್ತು ಕೋಟಿ ಕ್ರೆಡಿಟ್ (ಗೇಮಿನ ದುಡ್ಡು) ಮಾಡ್ಕೊಂಡು ಬರ್ತಾರೆ, ಅಂಥೋರ ಜೊತೆ ರೇಸ್ ಮಾಡೋದ್ರಲ್ಲಿ ಏನ್ ಸುಖ ಇದೆ? ಗ್ರ್ಯಾನ್ ಟುರಿಸ್ಮೋ 7 ಅನ್ನೋ ಕಾರ್ ರೇಸ್ ಗೇಮಿಗೆ ನೆಟ್ ಯಾಕೆ ಬೇಕು ಅಂದಾಗ ಅದನ್ನ ಮಾಡಿದ ಯಮೌಚಿ ಅವ್ರು ಕೊಟ್ಟ ಕಾರಣ ಇದೇ.

ರಾತ್ರಿಪಾಳಿ
ಅದೇ ಗ್ರ್ಯಾನ್ ಟುರಿಸ್ಮೋ 7, ಬಿಡುಗಡೆ ಆಗಿ ಎರಡು ವಾರಕ್ಕೆ, ಮಾರ್ಚ್ 2022ರಲ್ಲಿ ಒಂದು ಅಪ್‌ಡೇಟ್ ಕೆಟ್ಟು 30 ಗಂಟೆಗೂ ಜಾಸ್ತಿ ಸರ್ವರ್ ಇರ್ಲಿಲ್ಲ. ಒಬ್ಬನೇ ಕಂಪ್ಯೂಟರ್ ಕಾರುಗಳ ಜೊತೆ ಓಡ್ಸೋ ರೇಸೂ ಹೆಚ್ಚುಕಮ್ಮಿ ಪೂರ್ತಿ ಬಂದ್. ಆನ್‌ಲೈನ್ ರೇಸಿಗೆ ಚೆಕ್ ಇಟ್ಕೊಳ್ಳಿ, ಯಾರು ಬೇಡ ಅಂದ್ರು? ನನ್ನ ಪಾಡಿಗೆ ನಾನು ಆಡೋದಕ್ಕೆ ಯಾಕೆ? ನೆಗಡಿ ಬಂತು ಅಂತ ಮೂಗೇ ಕೊಯ್ದ್ರೆ ಹೆಂಗೆ.

ಮಿನಿಮ್ಯಾಪ್
ಆ ಆನ್‌ಲೈನ್, ಆಫ್‌ಲೈನ್ ಸೇವ್ ಬೇರೆ ಬೇರೆ ಇಟ್ರೆ ನಂದೇನೂ ತಕರಾರಿಲ್ಲ. ಎರಡೂ ಒಂದೇ ಗ್ಯಾರೇಜ್ ಆಗಿರೋದೇ ತೊಂದ್ರೆ, ಅದನ್ನ ಒಪ್ತೀನಿ.

ಲಾಗ್‌ಓದೋನು
ನಾನು ಕೆಲಸ ಮಾಡೋದೇ ಲಾಗಿನ್, ಲೈಸೆನ್ಸ್ ಥರದ ಬ್ಯಾಕೆಂಡ್‌ಗಳಲ್ಲಿ, ಅಂದ್ರೆ ಸರ್ವರ್ ಕಡೆ ಸಾಫ್ಟ್‌ವೇರಲ್ಲಿ (ಕನ್ಸೋಲ್ ಕಂಪನಿ ಅಲ್ಲ). @ಕೊನೇಬಾಸ್ ನಿಮ್ಮ ಬೀಗದ ಕಾರಣ ನಂಗೆ ಹೆಚ್ಚುಕಮ್ಮಿ ಗೊತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಡಿಜಿಟಲ್ ಗೇಮ್ (ಡಿಸ್ಕ್ ಇಲ್ದೆ ಡೌನ್‌ಲೋಡ್ ಮಾಡೋದು) ತಗೊಂಡಾಗ ಸರ್ವರ್ ಒಂದು ಚಿಕ್ಕ ಫೈಲ್ ಕೊಡತ್ತೆ, ಈ ಅಕೌಂಟಿಗೆ ಈ ಗೇಮ್ ಆಡೋ ಹಕ್ಕಿದೆ ಅಂತ ಸಹಿ ಹಾಕಿದ ಚೀಟಿ ಅಂದ್ಕೊಳ್ಳಿ. ಸಹಿ ಅಸಲಿನಾ ನಕಲಿನಾ ಅಂತ ನೋಡೋ ಕೀ ಕನ್ಸೋಲ್ ಒಳಗೇ ಇರತ್ತೆ, ಹಾಗಾಗಿ ಚೀಟಿ ಪರೀಕ್ಷೆ ಮಾಡೋಕೆ ನೆಟ್ ಬೇಕಾಗಿಲ್ಲ. ಇದು ಮುಖ್ಯವಾದ ಮಾತು, ನೆಟ್ ಇಲ್ದೆ ಕಳ್ಳರನ್ನ ತಡೆಯೋಕೇ ಆಗಲ್ಲ ಅನ್ನೋದು ಸುಳ್ಳು. ನೆಟ್ ಬೇಕಾಗೋದು ಒಂದೇ ಅಕೌಂಟ್ ಎರಡು ಮೂರು ಕನ್ಸೋಲಲ್ಲಿ ಇದ್ದಾಗ. ಆಗ ಒಂದನ್ನ ಮಾತ್ರ 'ಮುಖ್ಯ ಕನ್ಸೋಲ್' ಅಂತ ಗುರುತು ಮಾಡ್ಬೇಕು, ಅದ್ರಲ್ಲಿ ಚೀಟಿ ಶಾಶ್ವತವಾಗಿ ಇರತ್ತೆ, ಉಳಿದವು ಪ್ರತಿ ಸಲ ಸರ್ವರ್‌ನ ಕೇಳ್ಬೇಕು. ಕೊನೇಬಾಸ್, ನೀವು ಹಳೇ ಕನ್ಸೋಲ್ ಯಾರಿಗಾದ್ರೂ ಕೊಟ್ರಾ? ಅದನ್ನೇ ಮುಖ್ಯ ಅಂತ ಬಿಟ್ಟಿದ್ರೆ ಈಗಿರೋದು ನಿಮ್ಮದಾದ್ರೂ ಎರಡನೇದು ಅಂತಾನೇ ಲೆಕ್ಕ. ಸೆಟ್ಟಿಂಗ್ಸಲ್ಲಿ ನೋಡಿ, ಪ್ಲೇಸ್ಟೇಷನ್‌ನಲ್ಲಿ ಕನ್ಸೋಲ್ ಶೇರಿಂಗ್ ಮತ್ತು ಆಫ್‌ಲೈನ್ ಪ್ಲೇ ಅಂತಿರತ್ತೆ, ಎಕ್ಸ್‌ಬಾಕ್ಸಲ್ಲಿ ಹೋಮ್ ಎಕ್ಸ್‌ಬಾಕ್ಸ್ ಅಂತಾರೆ.

ಇನ್ನೊಂದು ಜಾತಿ ಇದೆ, ಅದಕ್ಕೆ ಈ ಸೆಟ್ಟಿಂಗ್ ಏನೂ ಮಾಡಲ್ಲ. ಗೇಮೇ ಸ್ವತಃ ಸರ್ವರ್‌ಗೆ 'ಇದೀನಿ, ಇದೀನಿ' ಅಂತ ಆಗಾಗ ಮೆಸೇಜ್ ಕಳಿಸ್ತಿರತ್ತೆ, ಉತ್ತರ ಬರ್ಲಿಲ್ಲ ಅಂದ್ರೆ ಆಟದ ಮಧ್ಯೆ ಮೆನುಗೆ ಎತ್ತಿ ಹಾಕತ್ತೆ. ಕನ್ಸೋಲ್ ಕಂಪನಿ ಏನೇ ಮಾಡಿದ್ರೂ ಅದು ಗೇಮ್ ಮಾಡಿದೋರ ಕೈಲಿರೋದು.

ಕೊನೇಬಾಸ್
ಹಳೇದನ್ನ ಅಕ್ಕನ ಮಗನಿಗೆ ಕೊಟ್ಟೆ! ಅವ್ನು ನನ್ನ ಗೇಮ್ ಆಡ್ಲಿ ಅಂತ ಅಕೌಂಟ್ ತೆಗೀಲೇ ಇಲ್ಲ. ಸಂಜೆ ನೋಡಿ ಹೇಳ್ತೀನಿ ಸರ್.

ಪಿಕ್ಸೆಲ್‌ಪುಟ್ಟಿ
ಅದೇನೇ ಇರ್ಲಿ, ಈ ಮುಖ್ಯ ಕನ್ಸೋಲ್ ಅನ್ನೋ ವಿಷಯ ಮೊದಲ ಸಲ ಆನ್ ಮಾಡಿದಾಗ ದೊಡ್ಡ ಅಕ್ಷರದಲ್ಲಿ ಬಿಡಿಸಿ ಹೇಳ್ಬೇಕು. ನಂಗೂ ಇವತ್ತೇ ಗೊತ್ತಾಗಿದ್ದು.

ಜಾಯ್‌ಸ್ಟಿಕ್ಕಣ್ಣ
'ಸರ್ವರ್ ಇಲ್ದೆ ಗೇಮ್ ಓಡೋದೇ ಇಲ್ಲ' ಅಂತ ಹೇಳಿದೋರನ್ನ ನಂಬೋಕಾಗಲ್ಲ ಅನ್ನೋದಕ್ಕೆ ಸಿಮ್‌ಸಿಟಿ ಸಾಕು. ಮಾರ್ಚ್ 2013ರಲ್ಲಿ ಬಂತು, ಮೊದಲ ವಾರ ಸರ್ವರ್ ಕೈಕೊಟ್ಟು ಜನ ಕ್ಯೂ ನಿಂತ್ರು, ಒಬ್ಬೊಬ್ರೇ ಊರು ಕಟ್ಟೋ ಗೇಮಿಗೆ ಕ್ಯೂ. ಲೆಕ್ಕಾಚಾರ ಎಲ್ಲಾ ಸರ್ವರಲ್ಲೇ ನಡೆಯತ್ತೆ, ಆಫ್‌ಲೈನ್ ಮಾಡೋಕೆ ಭಾರೀ ಕೆಲಸ ಅಂದ್ರು. ಕೆಲವೇ ದಿನದಲ್ಲಿ ಒಬ್ಬ ಮಾಡರ್ ಕೋಡ್ ತಿದ್ದಿ ನೆಟ್ ಇಲ್ದೆ ಓಡ್ಸಿ ತೋರಿಸ್ದ. ಒಂದು ವರ್ಷ ಆದ್ಮೇಲೆ, ಮಾರ್ಚ್ 2014ರಲ್ಲಿ, ಕಂಪನಿಯೋರೇ ಆಫ್‌ಲೈನ್ ಮೋಡ್ ಕೊಟ್ರು.

ಡಯಾಬ್ಲೋ 3 ಗೇಮ್ ಅಂತೂ ಇವತ್ತಿಗೂ ನೆಟ್ ಇಲ್ದೆ ಆಡೋಕಾಗಲ್ಲ, ಎಲ್ಲೂ.

ಎರಡನೇಕಂಟ್ರೋಲರ್
ಪಿಸಿಯಲ್ಲಿ ಆಗಲ್ಲ ಮಗಾ. ಮೇ 2012ರಲ್ಲಿ ಬಂದಾಗ 'ಎರರ್ 37' (ಸರ್ವರ್ ತುಂಬಿದೆ ಅನ್ನೋ ಮೆಸೇಜ್) ಅಂತ ಇಡೀ ದಿನ ನೋಡ್ಕೊಂಡ್ ಕೂತಿದ್ದು ಪಿಸಿಯೋರು. 2013ರಲ್ಲಿ ಪಿಎಸ್3, ಎಕ್ಸ್‌ಬಾಕ್ಸ್ 360ಗೆ ಬಂತಲ್ಲ, ಅದು ಆಫ್‌ಲೈನೇ, ಒಂದೇ ಸೋಫಾದಲ್ಲಿ ನಾಲ್ಕು ಜನ ಕೂತು ಆಡ್ಬಹುದು.

ಜಾಯ್‌ಸ್ಟಿಕ್ಕಣ್ಣ
ಓ ಹೌದಾ, ಕನ್ಸೋಲ್ ವಿಷಯ ಗೊತ್ತಿರ್ಲಿಲ್ಲ. ಆದ್ರೆ ಅದು ನನ್ನ ಮಾತನ್ನೇ ಗಟ್ಟಿ ಮಾಡತ್ತೆ ನೋಡು, ಅದೇ ಗೇಮು, ಒಂದ್ಕಡೆ ಆಗಲ್ಲ ಇನ್ನೊಂದ್ಕಡೆ ಆಗತ್ತೆ. ಮನಸ್ಸಿದ್ರೆ ಮಾರ್ಗ.

ಹಳೇಕಾರ್ಟ್ರಿಜ್
ನಮ್ಮ ಮನೆ ನೆಟ್ ಬಿಡಿ, ಅವ್ರ ಕಡೆಯಿಂದಲೇ ಹೋದ್ರೆ? 2011ರ ಏಪ್ರಿಲ್ 20ಕ್ಕೆ ಹ್ಯಾಕ್ ಆಗಿ ಪಿಎಸ್ಎನ್ (ಪ್ಲೇಸ್ಟೇಷನ್‌ನ ಆನ್‌ಲೈನ್ ಜಾಲ) ಮುಚ್ಚಿದ್ದು 23 ದಿನ, 7.7 ಕೋಟಿ ಅಕೌಂಟ್. ಆಗ ಪಿಎಸ್3ಯಲ್ಲಿ ಡಿಸ್ಕ್ ಗೇಮ್ ಎಲ್ಲಾ ಆರಾಮಾಗಿ ಓಡ್ತಿತ್ತು. ಓಡದೇ ಇದ್ದಿದ್ದು ಯಾವ್ದು ಗೊತ್ತಾ, ಕ್ಯಾಪ್‌ಕಾಮ್‌ನ ಫೈನಲ್ ಫೈಟ್ ಡಬಲ್ ಇಂಪ್ಯಾಕ್ಟ್, ಬಯೋನಿಕ್ ಕಮಾಂಡೋ ರೀಆರ್ಮ್ಡ್ 2 ಥರದವು, ಯಾಕಂದ್ರೆ ಅವು ಶುರುವಾಗುವಾಗ ಪಿಎಸ್ಎನ್‌ನ ಕೇಳ್ತಿದ್ವು. ಫೈನಲ್ ಫೈಟ್ ಅಂದ್ರೆ 1989ರ ಆರ್ಕೇಡ್ ಗೇಮು, ಅದಕ್ಕೆ ಸರ್ವರ್ ಬೇಕಂತೆ. ಆಮೇಲೆ 2025ರ ಫೆಬ್ರವರಿಯಲ್ಲಿ ಮತ್ತೆ ಸುಮಾರು ಒಂದು ದಿನ ಪಿಎಸ್ಎನ್ ಬಿತ್ತು, ಪ್ಲೇಸ್ಟೇಷನ್ ಪ್ಲಸ್ ಚಂದಾ ಇರೋರಿಗೆ ಐದು ದಿನ ಜಾಸ್ತಿ ಕೊಟ್ಟು ಸಮಾಧಾನ ಮಾಡಿದ್ರು.

ಸ್ಲೀಪ್‌ಮೋಡ್
ಡಿಸ್ಕ್ ಇದ್ರೆ ಸೇಫ್ ಅನ್ನೋ ಕಾಲ ಹೋಯ್ತು. ಪಿಎಸ್5ನ 2023ರ ಸ್ಲಿಮ್ ಮಾಡೆಲಲ್ಲಿ ಡಿಸ್ಕ್ ಡ್ರೈವ್ ಬಿಚ್ಚಿ ಹಾಕೋ ಥರ, ಅದನ್ನ ಜೋಡಿಸೋಕೂ ನೆಟ್ ಬೇಕು. ಪಿಎಸ್5 ಪ್ರೋನಲ್ಲಿ ಡ್ರೈವೇ ಕೊಡಲ್ಲ, ಬೇರೆ ತಗೋಬೇಕು. ನಿಂಟೆಂಡೋದ ಸ್ವಿಚ್ 2 ಕನ್ಸೋಲಲ್ಲಿ ಗೇಮ್-ಕೀ ಕಾರ್ಡ್ ಅಂತ ಬಂದಿದೆ, ಕಾರ್ಡಲ್ಲಿ ಗೇಮೇ ಇಲ್ಲ, ಪ್ರತಿ ಸಲ ನೆಟ್ ಬೇಕು.

ಪಿಕ್ಸೆಲ್‌ಪುಟ್ಟಿ
ಪ್ರತಿ ಸಲ ಅಲ್ಲ. ಮೊದಲ ಸಲ ಡೌನ್‌ಲೋಡ್ ಮಾಡಿ ಓಪನ್ ಮಾಡೋವಾಗ ಮಾತ್ರ ನೆಟ್, ಆಮೇಲೆ ಕಾರ್ಡ್ ಒಳಗಿದ್ರೆ ಸಾಕು. ಡಿಸ್ಕ್ ಡ್ರೈವೂ ಅಷ್ಟೆ, ಒಂದೇ ಸಲ ಜೋಡಿಸೋದು. ಕೀ ಕಾರ್ಡ್ ಮಾರ್ಬಹುದು, ಸ್ನೇಹಿತರಿಗೆ ಕೊಡ್ಬಹುದು, ಬರೀ ಡೌನ್‌ಲೋಡ್ ಕೋಡ್ ಇರೋ ಖಾಲಿ ಡಬ್ಬಿಗಿಂತ ಮೇಲು.

ಸ್ಲೀಪ್‌ಮೋಡ್
ಇವತ್ತು ಒಂದೇ ಸಲ ಸರಿ. ಹದಿನೈದು ವರ್ಷ ಆದ್ಮೇಲೆ ಆ ಡೌನ್‌ಲೋಡ್ ಸರ್ವರ್ ಇರತ್ತಾ? ಅವತ್ತು ಕಾರ್ಡ್ ಬರೀ ಪ್ಲಾಸ್ಟಿಕ್. ನನ್ನ ಹತ್ರ ಇರೋ ಹಳೇ ಕಾರ್ಟ್ರಿಜ್‌ಗಳು ಈಗ್ಲೂ ಹಾಕಿದ್ರೆ ಓಡ್ತಾವೆ, ಯಾರನ್ನೂ ಕೇಳಲ್ಲ.

ಲಾಗ್‌ಓದೋನು
ವಿಷಯ ಸ್ವಲ್ಪ ಆಚೆ ಹೋಗತ್ತೆ ಆದ್ರೂ ಹೇಳ್ತೀನಿ. ಪಿಎಸ್4 ಒಳಗೆ ಗಡಿಯಾರ ನಡೆಸೋಕೆ ಒಂದು ಗುಂಡಿ ಬ್ಯಾಟರಿ ಇದೆ, ಸಿಆರ್2032, ಕೈಗಡಿಯಾರದಲ್ಲಿ ಹಾಕ್ತಾರಲ್ಲ ಆ ಥರದ್ದು. ಅದು ಸತ್ರೆ ಟೈಮ್ ತಪ್ಪತ್ತೆ, ಟ್ರೋಫಿಗಳಿಗೆ (ಗೇಮಲ್ಲಿ ಗುರಿ ಮುಟ್ಟಿದ್ರೆ ಸಿಗೋ ಪದಕ) ಸರಿಯಾದ ಟೈಮ್ ಬೇಕು, ಅದಕ್ಕೆ ಪಿಎಸ್ಎನ್‌ಗೆ ಹೋಗಿ ಟೈಮ್ ಕೇಳ್ಬೇಕು, ನೆಟ್ ಇಲ್ದಿದ್ರೆ ಡಿಸ್ಕ್ ಗೇಮ್ ಕೂಡ ಓಪನ್ ಆಗ್ತಿರ್ಲಿಲ್ಲ. ಯಾರೂ ಬೇಕಂತ ಮಾಡಿದ್ದಲ್ಲ ಅನ್ಸತ್ತೆ, ಆದ್ರೆ ಮುಂದೆ ಎಂದಾದ್ರೂ ಪಿಎಸ್4ಗೆ ಪಿಎಸ್ಎನ್ ನಿಂತು ಹೋಗಿದ್ರೆ ಬ್ಯಾಟರಿ ಸತ್ತ ಅಷ್ಟೂ ಮಷೀನ್ ಕಲ್ಲು. ಆಟಗಾರರು ಕಂಡುಹಿಡಿದು ಗಲಾಟೆ ಮಾಡಿದ್ಮೇಲೆ 2021ರ ಸೆಪ್ಟೆಂಬರ್‌ನಲ್ಲಿ 9.00 ಅಪ್‌ಡೇಟಲ್ಲಿ ಸರಿ ಮಾಡಿದ್ರು. ಅದಕ್ಕೇ ಹಳೇ ಪಿಎಸ್4 ಅಟ್ಟದ ಮೇಲಿದ್ರೆ ಒಂದ್ಸಲ ಇಳಿಸಿ ಅಪ್‌ಡೇಟ್ ಮಾಡಿಟ್ಕೊಳ್ಳಿ.

ಜಾಯ್‌ಸ್ಟಿಕ್ಕಣ್ಣ
ಇದು ಗೊತ್ತೇ ಇರ್ಲಿಲ್ಲ ಸರ್. ಇವತ್ತೇ ಇಳಿಸ್ತೀನಿ.

ರಾತ್ರಿಪಾಳಿ
ನಂಗೆ ದಿನಾ ಚೆಕ್ ಮಾಡೋದಕ್ಕಿಂತ ಕೊನೇ ದಿನದ್ದೇ ಜಾಸ್ತಿ ಸಂಕಟ. ದಿ ಕ್ರೂ ನಾನು ಬಹಳ ಆಡಿದ ಕಾರ್ ಗೇಮ್. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿವರೆಗೆ ಲೋಡಿಂಗ್ ಇಲ್ದೆ ಓಡಿಸ್ಕೊಂಡ್ ಹೋಗ್ಬಹುದಿತ್ತು, ಡ್ಯೂಟಿ ಮುಗಿಸಿ ಬಂದು ಬೆಳಗಿನ ಜಾವ ನಿದ್ದೆ ಬರೋವರೆಗೆ ಯಾವ ಮಿಷನ್ನೂ ಮಾಡ್ದೆ ಸುಮ್ನೆ ಮರುಭೂಮಿ ರಸ್ತೇಲಿ ಹೋಗ್ತಿದ್ದೆ. ಒಬ್ಬನೇ. 2014ರಲ್ಲಿ ಬಂದ ಗೇಮು, 2024ರ ಮಾರ್ಚ್ 31ಕ್ಕೆ ಸರ್ವರ್ ಆರ್ಸಿದ್ರು. ಡಿಸ್ಕ್ ಈಗ್ಲೂ ಇದೆ, ಹಾಕಿದ್ರೆ ಏನೂ ಆಗಲ್ಲ. ನಾನು ಹೋಗ್ತಿದ್ದ ರಸ್ತೆ ಆ ಡಿಸ್ಕಲ್ಲೇ ಇದೆ, ನನ್ನ ಒಳಗೆ ಬಿಡೋರು ಇಲ್ಲ.

ಅಲ್ಲಿಂದಲೇ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ ಅವ್ರ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರುವಾಗಿದ್ದು. ಯೂರೋಪಿನ ಅರ್ಜಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟ್ತು. ಅವ್ರು ಸರ್ವರ್ ಶಾಶ್ವತವಾಗಿ ನಡೆಸಿ ಅಂತ ಕೇಳ್ತಿಲ್ಲ, ನಿಲ್ಸೋವಾಗ ಆಡೋ ಸ್ಥಿತೀಲಿ ಬಿಟ್ಟು ಹೋಗಿ ಅಂತಿದಾರೆ ಅಷ್ಟೆ.

ಇಂಡೀಅಕ್ಕ
ನಾನು ಚಿಕ್ಕ ತಂಡದಲ್ಲಿ ಗೇಮ್ ಮಾಡೋಳು, ಆ ಕಡೆ ಕಷ್ಟನೂ ಹೇಳ್ಬೇಕು. ಸರ್ವರ್ ಇಟ್ಕೊಂಡೇ ಕಟ್ಟಿದ ಗೇಮನ್ನ ಕೊನೇಲಿ ಆಫ್‌ಲೈನ್ ಮಾಡೋದು ಒಂದು ಸ್ವಿಚ್ ಒತ್ತಿದಂಗಲ್ಲ. ನಿಮ್ಮ ಲೆವೆಲ್ಲು, ದುಡ್ಡು, ಶತ್ರು ಯಾವಾಗ ಬರ್ಬೇಕು, ಎಲ್ಲಾ ಸರ್ವರಲ್ಲಿ ನಿರ್ಧಾರ ಆಗ್ತಿರತ್ತೆ, ಅದ್ರಲ್ಲಿ ಬೇರೆ ಕಂಪನಿಗಳಿಂದ ಲೈಸೆನ್ಸ್ ತಗೊಂಡ ಸಾಫ್ಟ್‌ವೇರ್ ಇರತ್ತೆ, ಅದನ್ನ ಹಂಗೇ ಹಂಚೋಕೆ ನಮ್ಗೆ ಹಕ್ಕಿಲ್ಲ. ಹಾಡು, ಕಾರಿನ ಬ್ರ್ಯಾಂಡು, ಇವಕ್ಕೆಲ್ಲ ಒಪ್ಪಂದದ ಅವಧಿ ಇರತ್ತೆ. ಮುಚ್ಚೋ ಹೊತ್ತಿಗೆ ತಂಡದಲ್ಲಿ ಅದನ್ನ ಬರೆದೋರು ಯಾರೂ ಉಳಿದಿರಲ್ಲ.

ಆದ್ರೆ ಮೊದಲ ದಿನದಿಂದ ಯೋಚನೆ ಮಾಡಿ ಕಟ್ಟಿದ್ರೆ ಇದು ಕಷ್ಟ ಅಲ್ಲ, ಅದನ್ನ ನಾನ್ ಒಪ್ಕೋತೀನಿ. ಗ್ರ್ಯಾನ್ ಟುರಿಸ್ಮೋ ಸ್ಪೋರ್ಟ್ ಜನವರಿ 2024ರಲ್ಲಿ ಸರ್ವರ್ ಮುಚ್ಚೋವಾಗ ಅಪ್‌ಡೇಟ್ ಕೊಟ್ಟು ಆಫ್‌ಲೈನ್ ಆಡೋ ಹಾಗೆ ಬಿಟ್ರು. ರೆಡ್‌ಫಾಲ್ ಗೇಮ್ ಅಷ್ಟು ಬೈಸ್ಕೊಂಡು, ಸ್ಟುಡಿಯೋ ಮುಚ್ತೀವಿ ಅಂತ ಹೇಳಿದ್ಮೇಲೂ 2024ರ ಮೇನಲ್ಲಿ ಕೊನೇ ಅಪ್‌ಡೇಟಲ್ಲಿ ಆಫ್‌ಲೈನ್ ಮೋಡ್ ಬಂತು. ಕೆಲಸ ಹೋಗ್ತಿದೆ ಅಂತ ಗೊತ್ತಿದ್ದ ಜನ ಅದನ್ನ ಮುಗಿಸಿ ಕೊಟ್ರಲ್ಲ, ಅವ್ರ ಮೇಲೆ ನಂಗೆ ತುಂಬಾ ಗೌರವ ಇದೆ.

ರಾತ್ರಿಪಾಳಿ
ಅಕ್ಕ ನೀವ್ ಹೇಳಿದ್ದು ಅರ್ಥ ಆಗತ್ತೆ. ದಿ ಕ್ರೂ 2ಗೆ 2025ರಲ್ಲಿ ಆಫ್‌ಲೈನ್ ಕೊಟ್ರು, ಅಂದ್ರೆ ಗಲಾಟೆಗೆ ಬೆಲೆ ಇದೆ. ಮೊದಲ್ನೇದನ್ನ ಮಾತ್ರ ಕಂಪನಿಯೋರು ವಾಪಸ್ ತರ್ಲಿಲ್ಲ.

ಮಿನಿಮ್ಯಾಪ್
ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನಿದೆ, ನೀವು ತಗೋತಿರೋದು ಲೈಸೆನ್ಸ್ ಮಾತ್ರ ಅಂತ ಸ್ಪಷ್ಟವಾಗಿ ಹೇಳ್ದೆ 'ಖರೀದಿಸಿ' ಅನ್ನೋ ಪದ ಹಾಕಂಗಿಲ್ಲ. ಶಾಶ್ವತವಾಗಿ ಆಫ್‌ಲೈನ್ ಇಟ್ಕೊಳ್ಳೋ ಹಾಗೆ ಡೌನ್‌ಲೋಡ್ ಕೊಟ್ರೆ ಆ ನಿಯಮ ಇಲ್ಲ. ನಾನು ಇಲ್ಲೀವರೆಗೆ ಆನ್‌ಲೈನ್ ಪರ ಮಾತಾಡ್ದೆ ಆದ್ರೆ ಇದು ನಂಗೂ ಸರಿ ಅನ್ಸತ್ತೆ, ಡಬ್ಬಿ ಮೇಲೆ ದೊಡ್ಡದಾಗಿ ಬರೀಲಿ, ನೆಟ್ ಇಲ್ದೆ ಏನೇನ್ ಓಡತ್ತೆ ಏನೇನ್ ಓಡಲ್ಲ ಅಂತ. ಕನ್ಸೋಲ್ ಡಬ್ಬಿ ಮೇಲೂ.

ಇಂಡೀಅಕ್ಕ
ಹೂಂ, ಸರ್ವರ್ ಕನಿಷ್ಠ ಎಲ್ಲೀವರೆಗೆ ಇರತ್ತೆ ಅನ್ನೋ ತಾರೀಖೂ ಹಾಕ್ಲಿ. ನಮ್ಮಂಥೋರು ಹಾಕೋಕೆ ರೆಡಿ ಇದೀವಿ.

ಕೊನೇಬಾಸ್
ಬಂದೆ. @ಲಾಗ್‌ಓದೋನು ಸರ್, ನೀವಂದಿದ್ದು ನೂರಕ್ಕೆ ನೂರು ನಿಜ, ಅಕ್ಕನ ಮಗನ ಹತ್ರ ಇರೋದೇ ಮುಖ್ಯ ಅಂತಿತ್ತು. ಈಗ ನಂದನ್ನ ಮುಖ್ಯ ಮಾಡ್ದೆ. ಆಮೇಲೆ ರೂಟರ್ ವೈರ್ ಕಿತ್ತಿಟ್ಟು, ಕನ್ಸೋಲ್ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಇನ್‌ಸ್ಟಾಲ್ ಆಗಿರೋ ಹದಿನಾಲ್ಕೂ ಗೇಮ್ ಒಂದೊಂದಾಗಿ ಓಪನ್ ಮಾಡಿ ಪೇಪರಲ್ಲಿ ಬರ್ಕೊಂಡೆ. ಹತ್ತು ಓಡಿದ್ವು, ಬೀಗ ಹಾಕಿದ್ದೂ ಸೇರಿ. ಎರಡು ಪೂರ್ತಿ ಮಲ್ಟಿಪ್ಲೇಯರ್, ಅವು ಓಡಲ್ಲ ಅಂತ ಗೊತ್ತಿದ್ದೇ. ಉಳಿದ ಎರಡು ಒಬ್ರೇ ಆಡೋವು, ಶುರುವಿನ ಪರದೇಲಿ 'ಸರ್ವರ್‌ಗೆ ಕನೆಕ್ಟ್ ಆಗ್ತಿದೆ' ಅಂತ ಸುತ್ತುತ್ತಾ ಸುತ್ತುತ್ತಾ ನಿಂತೇ ಹೋದ್ವು. ಒಂದನ್ನ ಇನ್ನೂ ಒಂದ್ಸಲಾನೂ ಆಡಿಲ್ಲ.

ಅಕ್ಕನ ಮಗನಿಗೆ ಫೋನ್ ಮಾಡಿ ಹೇಳ್ದೆ, ಇನ್ಮೇಲೆ ಬೀಗ ನಿನ್ನ ಕಡೆ ಕಾಣಿಸ್ಬಹುದು, ನೆಟ್ ಇದ್ದಾಗ ಆಡು ಅಂತ. ಯಾಕೆ ಮಾಮ, ಗೇಮ್ ಇಲ್ಲೇ ಇದೆಯಲ್ಲ ಅಂದ.

ಲಾಗ್‌ಓದೋನು
ಆ ಎರಡು ಗೇಮಿನ ಹೆಸರು ಹಾಕಿ, ತಗೊಳ್ಳೋಕ್ ಮುಂಚೆ ಬೇರೆಯೋರಿಗೆ ಗೊತ್ತಾಗ್ಲಿ. ನಾನೂ ಇವತ್ತು ರಾತ್ರಿ ನನ್ನವನ್ನ ಹಿಂಗೇ ನೋಡ್ತೀನಿ.

ಸ್ಲೀಪ್‌ಮೋಡ್
ನಾನೂ. ಬೆಳಿಗ್ಗೆ ಪಟ್ಟಿ ಹಾಕ್ತೀನಿ.